ಗಂಟೆ ಬಾರಿಸಗೊಡದ ಗುನ್ವೋರ್

ಗುನ್ವೋರ್ ಹಾಲೆಂಗ್ರೆನ್ ಯಾರ ಮಾತನ್ನೂ ಅರ್ಧಕ್ಕೆ ತಡೆದವಳಲ್ಲ. ಎದುರಿನವರು ಸುಳ್ಳು ಹೇಳಲಿ, ಜರೆಯಲಿ, ಮಂದವಾದ ಎಡಗಿವಿಯನ್ನು ಬಿಟ್ಟು ಬಲಗಿವಿಯನ್ನು ಮುಂದೊಡ್ಡಿ, ಕತ್ತನ್ನು ಓರೆಮಾಡಿ ಕೊನೆಯ ಪದ ಬೀಳುವ ತನಕ ನಿಂತಿರುತ್ತಿದ್ದಳು; ಆಮೇಲೆ ಉಸಿರನ್ನು ಒಳಗೆಳೆಯುತ್ತಲೇ ಒಂದು "ಹೂಂ" ಎನ್ನುತ್ತಿದ್ದಳು. ಅದು ಸಮ್ಮತಿಯೋ, ಬರಿಯ ಶ್ರವಣವೋ, ಇಂದಿಗೂ ನಮಗೆ ತಿಳಿದಿಲ್ಲ.

ವೆಟರ್ನ್ ಸರೋವರದ ದಡದ ನಮ್ಮೂರಿನಲ್ಲಿ, ಸಾರ್ವಜನಿಕ ಸಭೆಗಳಿಗೆ ಅನುಮತಿ ಕೊಡುವುದು ಪೊಲೀಸ್ ಕಚೇರಿಯಲ್ಲಿ ಅವಳ ಕೆಲಸ. ಅನುಮತಿ ಕೊಟ್ಟವಳು ಕೇಳಲೂ ಬೇಕೆಂಬುದು ಅವಳ ಹಠ. ಆದ್ದರಿಂದ ರಜೆಯ ದಿನವೂ ಮೊಣಕೈ ಸವೆದ ಪಾಚಿಬಣ್ಣದ ಉಣ್ಣೆಕೋಟು ತೊಟ್ಟು ಪ್ರತಿ ಸಭೆಗೂ ಹೋಗಿ ನಿಲ್ಲುತ್ತಿದ್ದಳು. ಆ ಕೋಟನ್ನು ಆಡಿಕೊಳ್ಳುವ ಧೈರ್ಯವಿದ್ದದ್ದು ಅವಳ ಮನೆಯ ಮೇಲಿನ ಮಹಡಿಯ ಎನಿಸಾ ಒಬ್ಬಳಿಗೆ. ಬೋಸ್ನಿಯಾದ ಯುದ್ಧದಿಂದ ತಪ್ಪಿಸಿಕೊಂಡು ಬಂದ ಮುಸ್ಲಿಂ ವಿಧವೆ. ಗುರುವಾರ ಬಂದರೆ ಅವಳು ತಾಮ್ರದ ಪಾತ್ರೆಯಲ್ಲಿ ಕಾಸಿದ ಕಾಫಿ, ಇವಳ ಏಲಕ್ಕಿ ಬನ್ನು, ಇಬ್ಬರ ನಗೆ. "ನಿನ್ನ ಕೋಟು ನೋಡಿದ್ರೆ ಬೆರ್ಚಪ್ಪನೂ ಅಯ್ಯೋ ಅಂತಾನೆ ಕಣೇ" ಎಂದು ಎನಿಸಾ ಕಿಚಾಯಿಸುತ್ತಿದ್ದಳು.

ಒಂದು ವಸಂತದಲ್ಲಿ ದೂರದೂರಿನವನೊಬ್ಬನ ಅರ್ಜಿ ಬಂತು: ಮಸೀದಿಯ ಎದುರಿನ ಚೌಕದಲ್ಲಿ ಕುರಾನನ್ನು ಸುಡುತ್ತೇನೆ, ಅದೇ ನನ್ನ ಪ್ರತಿಭಟನೆ. ಕೇಳುವವರ ಮನಸ್ಸು ನೋಯುತ್ತದೆಂದು ಸಭೆಯನ್ನು ನಿಲ್ಲಿಸುವ ಅಧಿಕಾರವನ್ನು ಕಾನೂನು ಅವಳಿಗೆ ಕೊಟ್ಟಿರಲಿಲ್ಲ. ಅನುಮತಿ ಕೊಟ್ಟಳು, ಅಂದೇ ಸಂಜೆ ಮಹಡಿ ಹತ್ತಿ ತಾನೇ ಎನಿಸಾಳಿಗೆ ಹೇಳಿದಳು. ಎನಿಸಾ, ಅವನ ಮಾತು ಯಾರಿಗೂ ಕೇಳಿಸದಂತೆ ಪಾದ್ರಿಗಳು ಇಗರ್ಜಿಯ ಗಂಟೆ ಬಾರಿಸುತ್ತಾರಂತೆ ಎಂದಳು. ಅವಳಿಗೆ ಉಳಿದಿದ್ದ ಸಮಾಧಾನ ಅದೊಂದೇ.

ಅದನ್ನೂ ಗುನ್ವೋರ್ ಕಿತ್ತುಕೊಂಡಳು. ಮಾರನೆಯ ದಿನ ಪಾದ್ರಿ ಸಿಕ್ಸ್ಟೆನ್ ಅವರ ಬಳಿಗೆ ಹೋಗಿ, ಅನುಮತಿ ಪಡೆದ ಸಭೆಯನ್ನು ಕದಡುವುದು ಅಪರಾಧ ಎಂದಳು. ಅದು ನೆರೆಯವರ ಮೇಲಿನ ಪ್ರೀತಿಯಿಂದ ಬಾರಿಸುವ ಗಂಟೆ ಎಂದರು ಪಾದ್ರಿ. ಆಗ ಅವಳು ತನ್ನ ಮುತ್ತಜ್ಜಿಯ ತಾಯಿಯ ಕತೆ ಹೇಳಿದಳು: ಇಗರ್ಜಿಯ ಹೊರಗೆ, ಮನೆಯಲ್ಲಿ ಕೂಡಿ ಪ್ರಾರ್ಥಿಸುವುದೇ ಅಪರಾಧವಾಗಿದ್ದ ಕಾಲ ಮುಗಿದ ಮೇಲೂ, ಆಕೆ ಹುಲ್ಲುಗಾವಲಿನಲ್ಲಿ ನಿಂತು ಬೈಬಲ್ ಓದಿದಾಗಲೆಲ್ಲ ಊರವರು ಇದೇ ಗಂಟೆ ಬಾರಿಸಿ ದನಿಯನ್ನು ಮುಳುಗಿಸಿದ್ದರು, ಅವರೂ ದೇವರ ಪ್ರೀತಿಯಿಂದಲೇ ಬಾರಿಸಿದ್ದರು. "ಇವತ್ತು ಹಗ್ಗ ನಿಮ್ಮ ಕೈಲಿದೆ, ನಿಮ್ಮ ಮನಸ್ಸು ಒಳ್ಳೇದು. ನಾಳೆ ಯಾರ ಕೈಗೆ ಹೋಗುತ್ತೋ ಯಾರಿಗ್ಗೊತ್ತು?"

ಸಭೆಯ ದಿನ ಪಾದ್ರಿ ಗಂಟೆ ಬಾರಿಸಲಿಲ್ಲ. ಆ ನಿಶ್ಶಬ್ದದಲ್ಲಿ ಅವನ ಧ್ವನಿವರ್ಧಕದ ಒಂದೊಂದು ಹೊಲಸು ಮಾತೂ, ಚೌಕದ ಅಂಚಿನಲ್ಲಿ ನಿಂತಿದ್ದ ಎನಿಸಾಳ ಕಿವಿಗೆ ನೇರವಾಗಿ ಬಿತ್ತು. ಹಾಳೆಗಳು ಹೊತ್ತಿಕೊಂಡವು. ಅವನು ಮುಗಿಸುವ ತನಕ ಗುನ್ವೋರ್ ಕದಲಲಿಲ್ಲ.

ಆಮೇಲಿನ ಗುರುವಾರಗಳಲ್ಲಿ ಮೇಲಿನ ಮನೆಯ ಬಾಗಿಲು ತೆರೆಯಲಿಲ್ಲ. ಆದರೂ ಅವಳು ಬನ್ನು ಹಿಡಿದು ಹತ್ತುವುದನ್ನು ಬಿಡಲಿಲ್ಲ. ಬೇಸಿಗೆಯ ಕೊನೆಗೆ ಒಮ್ಮೆ ತೆರೆಯಿತು.

"ಕ್ಷಮೆ ಕೇಳೋಕೆ ಬಂದ್ಯಾ?"

"ಇಲ್ಲ. ಅವನು ಮತ್ತೆ ಬಂದ್ರೂ ನಾನು ಹಾಗೇ ಮಾಡೋದು. ನೀನು ಬೈಯೋದನ್ನ ಕೇಳೋಕೆ ಬಂದೆ."

ಎನಿಸಾ ಮನಸಾರೆ ಬೈದಳು. ಕೊನೆಗೆ ದನಿ ತಗ್ಗಿಸಿ, "ನಮ್ಮೂರಲ್ಲೂ ಮೊದಲು ಬರೀ ಮಾತೇ ಇತ್ತು ಕಣೇ. ನಾವೂ ಸುಮ್ನೆ ಕೇಳಿಸ್ಕೊಂಡ್ವಿ. ಆಮೇಲೆ ಬಂದು ನನ್ನ ಗಂಡನ್ನ ಎಳ್ಕೊಂಡು ಹೋದ್ರು. ಇದು ನಿನ್ನ ಕಾನೂನಿಗೆ ಗೊತ್ತೇನೇ?" ಎಂದಳು. ಗುನ್ವೋರ್ ಅತ್ತಳು, ಬೈದವಳೂ ಅತ್ತಳು. ಬಾಗಿಲು ಮತ್ತೆ ಮುಚ್ಚಿತು.

ನೋಯಿಸುವವನ ಬಾಯಿಗೂ ಕಾವಲು ನಿಲ್ಲುವ ಇಂಥವರು ಇಲ್ಲದ ಊರಿನಲ್ಲಿ ನಾಳೆ ನಮ್ಮ ಬಾಯಿಗೂ ಬೀಗ ಬೀಳುತ್ತದೆ, ಅದನ್ನು ನಾನು ಒಪ್ಪುತ್ತೇನೆ. ಆದರೆ ಅವರ ನ್ಯಾಯದ ಭಾರ ಅವರ ಹೆಗಲಿಗಿಂತ ಮೊದಲು ಅವರು ಪ್ರೀತಿಸಿದವರ ಹೆಗಲಿಗೆ ಬೀಳುತ್ತದೆ. ತಪ್ಪು ಮಾಡಿದವರನ್ನು ಒಂದಲ್ಲ ಒಂದು ದಿನ ಕ್ಷಮಿಸಬಹುದು; ತಪ್ಪೇ ಮಾಡದೆ ನಮ್ಮನ್ನು ನೋಯಿಸಿದವರನ್ನು ಹೇಗೆ ಕ್ಷಮಿಸಬೇಕೆಂದು ಯಾರೂ ನಮಗೆ ಕಲಿಸಿಲ್ಲ.