ಕಾಲ ಮೇಲೆ ಕಾಲು ಹಾಕಿದ ಕುಣಿಕೆಗಳು

ಇಲ್ಲೇ, ಇದೇ ಸಾಲಿನಲ್ಲಿ ಬೆರಳಿಗೆ ಮತ್ತೆ ಏನೋ ತಗುಲಿತು, ಗಂಟಲ್ಲ, ಗಂಟಾಗಿದ್ದರೆ ಕಾಳಿನ ಹಾಗೆ ಕೈಗೆ ಸಿಗುತ್ತಿತ್ತು, ಇದು ಬೇರೆ, ನುಣ್ಣಗಿದ್ದ ಶಾಲು ಇಲ್ಲಿಂದಾಚೆ ಒರಟು — ಕನ್ನಡಕ ಎಲ್ಲಿ ಹೋಯಿತು, ಹಣೆಯ ಮೇಲೇ ಇದೆ, ಬೀದಿಯವರೆಲ್ಲ ಉಲ್ಲನಮ್ಮ ಎಂದು ಕರೆಯುವ ಈ ಹೆಂಗಸಿಗೆ ಮಡಿಲಲ್ಲಿ ಉಣ್ಣೆ ಬಿದ್ದರೆ ಮೈಮೇಲೆ ಪರಿವೆ ಇರುವುದಿಲ್ಲ — ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ, ಬೂದು ಶಾಲು, ಮಗಳು ಹೆಣೆದದ್ದು, ಬೆಳಿಗ್ಗೆಯಷ್ಟೇ ಪಾರ್ಸೆಲ್‌ನಲ್ಲಿ ಬಂದದ್ದು, ಪಾರ್ಸೆಲ್‌ನಲ್ಲಿ ಯಾಕೆ ಬಂತು, ವರ್ಷದ ಕೊನೆಯ ರಜೆಗೆ ಎಲ್ಲರೂ ಸೇರಿದಾಗ ಕೈಯಾರೆ ಮಾಡಿದ್ದನ್ನು ಕೈಯಾರೆ ಕೊಡಬೇಕು, ಅಂಗಡಿಯ ಡಬ್ಬ ಹಿಡಿದು ಬಂದವರಿಗೆ ಊಟ ಇಲ್ಲ, ಈ ಮನೆಯ ಕಾನೂನು ಅದು, ಮಾಡಿದವಳು ಉಲ್ಲನಮ್ಮನೇ, ಗಂಡನಿಗೆ ಕಾಲುಚೀಲ ಆಯಿತು, ಅಳಿಯನಿಗೆ ಮಫ್ಲರ್ ಆಯಿತು, ಮಗಳ ಹಳದಿ ಸ್ವೆಟರ್‌ಗೆ ಒಂದು ತೋಳು ಬಾಕಿ, ಮಗಳೇ ಫೋನಿನಲ್ಲಿ ಹೇಳಿದ್ದಳಲ್ಲ, ಅಮ್ಮಾ ಈ ಸಲ ನಿಂಗೆ ಶಾಲು, ಬಣ್ಣ ಮಾತ್ರ ಕೇಳ್ಬೇಡ, ನಾನೇ ಬಂದು ನಿನ್ನ ಹೆಗಲಿಗೆ ಹೊದಿಸ್ತೀನಿ, ನೀನು ಅಳಬಾರದು ಅಷ್ಟೆ. ಈಗ ಶಾಲು ಬಂದಿದೆ, ಮಗಳು ಬಂದಿಲ್ಲ.

ಎದುರಿನ ಕುರ್ಚಿಯಲ್ಲಿ ಗಂಡ ಹಳೇ ರೇಡಿಯೋದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಾರೆ, ಸ್ಕ್ರೂಗಳು ಸಾಸರಿನಲ್ಲಿ, ಒಂದೊಂದು ಹಾಕಿದಾಗಲೂ ಟಿಣ್, ಅಳಿಯ ತಾನೇ ಪ್ಯಾಕ್ ಮಾಡಿ ಕಳಿಸಿದಾನೆ ನೋಡು, ಎಂಥ ಜವಾಬ್ದಾರಿ, ಯಾವ ಅಳಿಯ ಇಷ್ಟೆಲ್ಲ ಮಾಡ್ತಾನೆ, ಹೌದು, ಜವಾಬ್ದಾರಿ, ಮಾತು ಬೆಣ್ಣೆಯಂಥದ್ದು, ಹೋದ ಸಲ ಬಂದಾಗ ಊಟದ ಮೇಜಿನ ಮುಂದೆ ಮಗಳು ಏನನ್ನೋ ನೆನೆಸಿಕೊಂಡು ಬಿದ್ದು ಬಿದ್ದು ನಗುತ್ತಿದ್ದಳು, ಅವನು ಮೆಲ್ಲಗೆ ಅವಳ ಬಲಗೈಯ ಮೇಲೆ ಕೈ ಇಟ್ಟ, ಅಷ್ಟೆ, ನಗು ನಲ್ಲಿ ತಿರುಗಿಸಿದ ಹಾಗೆ ನಿಂತುಹೋಯಿತು, ಯಾರೂ ನೋಡಲಿಲ್ಲ, ಉಲ್ಲನಮ್ಮ ನೋಡಿದಳು, ನೋಡಿ ಸಾರು ಬಡಿಸಿದಳು — ಬಲಗೈ, ಈ ಒರಟು ಎಲ್ಲೋ ನೋಡಿದ್ದೇ, ಬೆರಳಿಗೆ ಗೊತ್ತಿದೆ, ತಲೆಗಿನ್ನೂ ಹತ್ತುತ್ತಿಲ್ಲ, ಆ ಟೋಪಿ, ಹೌದು, ಮಗಳು ಶಾಲೆಗೆ ಹೋಗುವಾಗ ಸೈಕಲ್ಲಿಂದ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿದ್ದರು, ಆದರೂ ಹಟ, ಅಪ್ಪಂಗೆ ಟೋಪಿ ಹೆಣೆದೇ ಹೆಣೀತೀನಿ ಅಂತ ಎಡಗೈಯಲ್ಲಿ ಹೆಣೆದಳು, ಕುಣಿಕೆ ಕುಣಿಕೆಯೂ ತಿರುಚಿಕೊಂಡು ಒಂದು ಕಾಲು ಇನ್ನೊಂದರ ಮೇಲೆ ಹತ್ತಿ ಕೂತಿತ್ತು, ಏನೇ ಇವು, ಜಮೀನ್ದಾರರ ಥರ ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿವೆ, ಮನೆಯೆಲ್ಲ ನಕ್ಕಿತ್ತು, ಟೋಪಿ ಹಿಗ್ಗಲೊಲ್ಲದು, ಅಪ್ಪನ ತಲೆಯ ಮೇಲೆ ಪಾತ್ರೆಯ ಮುಚ್ಚಳದ ಹಾಗೆ ಕೂತಿತ್ತು, ಅದನ್ನೇ ಹಾಕಿಕೊಂಡು ಅವರು ಬೀದಿಯೆಲ್ಲ ಸುತ್ತಿ ಬಂದರು. ಪ್ಲಾಸ್ಟರ್ ಬಿಚ್ಚಿದ ಮೇಲೆ ಕುಣಿಕೆಗಳು ಕಾಲು ಕೆಳಗಿಳಿಸಿದವು, ಮತ್ತೆಂದೂ ಮೇಲೆ ಹಾಕಲಿಲ್ಲ, ಬಲಗೈ ಆಡುವಾಗ ಅವಳು ಎಡಗೈಗೆ ಹೆಣಿಗೆಯ ಕಡ್ಡಿ ಕೊಡುವವಳೇ ಅಲ್ಲ. ಈ ಶಾಲಿನಲ್ಲಿ ಇಲ್ಲಿಂದಾಚೆ ಎಲ್ಲವೂ ಕಾಲ ಮೇಲೆ ಕಾಲು ಹಾಕಿವೆ, ಬಿಗಿಯಾಗಿ, ಬೆರಳ ತುದಿ ಕೂಡ ತೂರದ ಹಾಗೆ.

ರೀ, ಅವಳ ಬಲಗೈಗೆ ಏನೋ ಆಗಿದೆ. ಯಾರು ಹೇಳಿದ್ರು. ಶಾಲು ನೋಡಿ ಬೇಕಾದ್ರೆ. ಕಡ್ಡೀನ ಗುಡ್ಡ ಮಾಡ್ಬೇಡ ಮಾರಾಯ್ತಿ, ಆಗಿದ್ರೆ ಅವಳೇ ಹೇಳ್ತಿರ್ಲಿಲ್ವಾ — ಹೇಳುವುದಕ್ಕೆ ಫೋನು ಅವಳ ಕೈಗೆ ಎಲ್ಲಿ ಬರುತ್ತದೆ, ಈಚೆಗೆ ಯಾವಾಗ ಮಾಡಿದರೂ ಅವನೇ, ಮಲಗಿದಾಳೆ ಅತ್ತೆ, ಸ್ನಾನಕ್ಕೆ ಹೋಗಿದಾಳೆ ಅತ್ತೆ, ಈಗ ತಾನೇ ಹೊರಗೆ ಹೋದ್ಳು ಅತ್ತೆ, ಫೋನ್ ಇಲ್ಲೇ ಮರೆತು, ಹೆತ್ತವರಿಗೆ ಸುಮ್ಮಸುಮ್ಮನೆ ತಲೆಗೆ ಹುಳ ಬಿಟ್ಟುಕೊಳ್ಳುವ ಕೆಲಸ, ಇರಲಿ, ಮಡಿಚಿ ಇಡೋಣ, ಅಂಚಿಗೆ ಅಂಚು ಸೇರಿಸಿ — ಅಂಚೆಲ್ಲಿ. ಅಂಚೇ ಇಲ್ಲ. ಶಾಲು ಕೊನೆಯಾಗುವ ಕಡೆ ಕುಣಿಕೆಗಳು ಬಾಯಿ ಬಿಟ್ಟುಕೊಂಡು ನಿಂತಿವೆ, ಒಂದರೊಳಗೆ ಒಂದನ್ನು ಹಾಕಿ ಮುಚ್ಚಿಲ್ಲ, ಅರ್ಧ ಸಾಲಿನಲ್ಲಿ ಯಾರೋ ದಾರಕ್ಕೆ ಕತ್ತರಿ ಹಾಕಿದ್ದಾರೆ, ಕಡ್ಡಿಯನ್ನು ಎಳೆದುಕೊಂಡಿದ್ದಾರೆ. ಹೆಣೆಯುವವರು ಯಾರೂ ಹೀಗೆ ಕಳಿಸುವುದಿಲ್ಲ, ಮನೆಗೆ ಬೆಂಕಿ ಬಿದ್ದರೂ ಕಡ್ಡಿಯ ಸಮೇತ ಎತ್ತಿಕೊಂಡು ಓಡುತ್ತಾರೆ, ಕಡ್ಡಿ ಎಳೆದರೆ ಮುಗಿಯಿತು ಅಂದುಕೊಳ್ಳುವವನು ಹೆಣಿಗೆ ಗೊತ್ತಿಲ್ಲದವನು, ಇದನ್ನು ಮಗಳು ಕೊಟ್ಟಿಲ್ಲ, ಅವಳ ಕೈಯಿಂದ ತೆಗೆದುಕೊಂಡಿದ್ದಾನೆ.

ಫೋನು ಹೋಗುತ್ತಿದೆ, ಹೋಗುತ್ತಲೇ ಇದೆ, ಹಾಂ ಅತ್ತೆ, ಶಾಲು ಸಿಕ್ತಾ, ಸಿಕ್ತಪ್ಪಾ, ತುಂಬಾ ಚೆನ್ನಾಗಿದೆ — ತನ್ನ ದನಿ ಇಷ್ಟು ನುಣ್ಣಗೆ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ — ಮುಗೀತು ಅಂತ ಅವಳೇ ನನ್ನ ಕೈಗೆ ಕೊಟ್ಳು ಅತ್ತೆ, ಅಮ್ಮಂಗೆ ಕಳಿಸಿಬಿಡಿ ಅಂದ್ಳು, ಹೌದಾ, ಅವಳಿಗೆ ಸ್ವಲ್ಪ ಕೊಡಪ್ಪ ಫೋನು, ಮಲಗಿದಾಳೆ ಅತ್ತೆ, ಎಬ್ಬಿಸು, ಬೇಡ ಅತ್ತೆ, ಈಗಷ್ಟೇ ಸುಮ್ಮನಾಗಿದಾಳೆ. ಈಗಷ್ಟೇ ಸುಮ್ಮನಾಗಿದಾಳೆ. ರೀ, ಎದ್ದೇಳಿ, ಆ ರೇಡಿಯೋ ಹಾಳಾಗಿಹೋಗ್ಲಿ, ಚಪ್ಪಲಿ ಹಾಕ್ಕೊಳ್ಳಿ, ಹೊರಡೋಣ, ಈಗಲೇ — ಇದನ್ನು ಬಾಯಿ ಬಿಟ್ಟು ಹೇಳಿದಳೋ ಮನಸ್ಸಿನಲ್ಲೇ ಹೇಳಿದಳೋ, ಟಿಣ್ ನಿಂತಿದೆ, ಅವರು ನೋಡುತ್ತಿದ್ದಾರೆ, ಮಡಿಲಲ್ಲಿ ಒಂದು ಕುಣಿಕೆ ಜಾರಿತು, ಅದರ ಕೆಳಗಿನದೂ ಜಾರಿತು, ಹಿಡಿಯಬೇಕು, ಕಡ್ಡಿ ಬೇಕು, ಇರುವ ಕಡ್ಡಿ ಮಗಳ ಹಳದಿ ತೋಳಿನಲ್ಲಿದೆ, ಎಳೆದರೆ ತೋಳು ಬಿಚ್ಚುತ್ತದೆ, ಕೈ ಹೋಗುತ್ತದೆ, ಹಿಂದೆ ಬರುತ್ತದೆ, ಬಲಗೈ, ಇನ್ನೊಂದು ಜಾರಿತು, ಎಷ್ಟು ದೂರದ ದಾರಿ, ಅಲ್ಲಿ ಮುಟ್ಟುವುದರೊಳಗೆ, ಈಗಷ್ಟೇ ಸುಮ್ಮನಾಗಿದಾಳೆ, ಬಾಯಿ ಬಿಟ್ಟ ಕುಣಿಕೆಗಳು, ಕಡ್ಡಿ ಇಲ್ಲ, ಬಾಯಿ ಬಿಟ್ಟ ಕುಣಿಕೆಗಳು, ಒಂದೂ ದನಿ ಇಲ್ಲ