ಸಿಹಿ ಮಣ್ಣು

ರಕ್ತ ಪರೀಕ್ಷೆಯ ಯಂತ್ರದಲ್ಲಿ ಅಂಕಿ ಬರಲಿಲ್ಲ. ಅದರ ಪುಟ್ಟ ಪರದೆಯ ಮೇಲೆ ಒಂದೇ ಒಂದು ಪದ ಮೂಡಿತು. ನರ್ಸ್ ನಮಕಾವು ಅದನ್ನು ಎರಡು ಸಲ ನೋಡಿ, ಯಂತ್ರವನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಟ್ಟುಕೊಂಡಳು.

"ಎಷ್ಟು ಬಂತು ಸಿಸ್ಟರ್?" ಎಂದು ಕೇಳಿದಳು ಮ್ವೇನ್ಯಾ.

"ಇದು ಅರವತ್ತೈದರವರೆಗೆ ಎಣಿಸುತ್ತೆ, ಬಾನಾ ಕಟೋಂಗೊ. ಐದು ಬಂದ್ರೇನೇ ನಾವು ಯೋಚನೆ ಮಾಡ್ತೀವಿ. ಅರವತ್ತೈದು ದಾಟಿದ್ರೆ 'ಹೆಚ್ಚು' ಅಂತ ತೋರಿಸಿ ಸುಮ್ಮನಾಗುತ್ತೆ."

ಬಾನಾ ಕಟೋಂಗೊ, ಎಂದರೆ ಕಟೋಂಗೊನ ತಾಯಿ. ಮಗ ಹುಟ್ಟಿದ ಮೇಲೆ ಕಾಬ್ವೆ ಊರಿನ ಆ ಕೇರಿಯಲ್ಲಿ ಯಾರೂ ಮ್ವೇನ್ಯಾಳನ್ನು ಅವಳ ಸ್ವಂತ ಹೆಸರಿನಿಂದ ಕರೆದಿರಲಿಲ್ಲ. ಆ ನಾಲ್ಕು ವರ್ಷದ ಮಗ ಈಗ ಅವಳ ತೊಡೆಯ ಮೇಲೆ ಕೂತು, ಸೂಜಿ ಚುಚ್ಚಿದ ಬೆರಳಿಗೆ ಒತ್ತಿದ ಹತ್ತಿಯನ್ನೇ ನೋಡುತ್ತಿದ್ದ. ಓರಗೆಯ ಮಕ್ಕಳು ಹಾಡು ಹೇಳುತ್ತಿದ್ದರೂ ಇವನಿಗಿನ್ನೂ ಎರಡು ಮಾತು ಒಟ್ಟಿಗೆ ಬರುತ್ತಿರಲಿಲ್ಲ. ಮ್ವೇನ್ಯಾಳ ಹೊಟ್ಟೆಯಲ್ಲಿ ಆರು ತಿಂಗಳ ಇನ್ನೊಂದು.

"ರಕ್ತದಲ್ಲಿ ಸೀಸ ಸೇರಿದೆ. ಮಾತ್ರೆ ಇದೆ," ಎಂದಳು ನರ್ಸ್. "ಆದ್ರೆ ಒಳಗೆ ಹೋಗೋದು ನಿಲ್ಲದೆ ಕೊಟ್ರೆ ತೂತು ಮಡಕೆಗೆ ನೀರು ಹೊಯ್ದ ಹಾಗೆ. ಎಲ್ಲಿಂದ ಹೋಗ್ತಿದೆ ಅಂತ ನೀವು ಹೇಳ್ಬೇಕು. ಮಣ್ಣು ತಿಂತಾನಾ?"

"ಇಲ್ಲ. ಬಾಯಿಗೆ ಹಾಕಿದ್ರೆ ಬಾರಿಸ್ತೀನಿ."

"ಬಾರಿಸೋದಂತೂ ನಿಜ," ಎಂದಳು ಬೆಂಚಿನ ಮೇಲಿದ್ದ ಅತ್ತೆ. "ಇವಳ ಕೈಗೂ ಬಿಡುವಿಲ್ಲ, ಪೊರಕೆಗೂ ಬಿಡುವಿಲ್ಲ. ದಿನಕ್ಕೆ ಎರಡು ಸಲ ಅಂಗಳ ಗುಡಿಸ್ತಾಳೆ. ತಿನ್ನೋಕೆ ಇವನಿಗೆ ಮಣ್ಣೆಲ್ಲಿ ಸಿಗಬೇಕು?"

ಮ್ವೇನ್ಯಾಳ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಸುತ್ತಿಕೊಂಡ ಚಿಟೆಂಗೆ ಬಟ್ಟೆಯ ಸೆರಗಿನ ಗಂಟಿನಲ್ಲಿ ಎರಡು ಮಣ್ಣಿನ ಹೆಂಟೆಗಳಿದ್ದವು. ಬಸುರಿ ಮಣ್ಣು ತಿನ್ನುವುದು ಅಲ್ಲಿ ನಾಚಿಕೆಯ ಮಾತಲ್ಲ. ಸಂತೆಯಲ್ಲಿ ಕಡಲೆಕಾಯಿಯ ಪಕ್ಕದಲ್ಲೇ ಸುಟ್ಟ ಹುತ್ತದ ಮಣ್ಣನ್ನು ಗುಡ್ಡೆ ಹಾಕಿರುತ್ತಾರೆ. ಆದರೆ ಅದು ಅವಳ ನಾಲಿಗೆಗೆ ಬರೀ ಬೂದಿ. ಕಟೋಂಗೊ ಹೊಟ್ಟೆಯಲ್ಲಿದ್ದಾಗ, ಮುಚ್ಚಿಹೋದ ಸೀಸದ ಗಣಿಯ ಕಸದ ಕರಿಗುಡ್ಡದ ಕೆಳಗೆ ಸೊಪ್ಪು ಕೀಳಲು ಹೋದವಳು ಅಲ್ಲಿನ ಕೊಳಚೆ ಕಾಲುವೆ ದಂಡೆಯ ಒಂದು ಹೆಂಟೆ ಬಾಯಿಗೆ ಹಾಕಿಕೊಂಡಿದ್ದಳು. ಅದು ಸಿಹಿಯಾಗಿತ್ತು. ಆಮೇಲೆ ಸಂತೆಯ ಮಣ್ಣನ್ನು ಮೂಸಿಯೂ ನೋಡಲಿಲ್ಲ. ಸೊಸೆ ಚರಂಡಿ ಮಣ್ಣು ತಿನ್ನುತ್ತಾಳೆಂದು ಅತ್ತೆಗೆ ಗೊತ್ತಾದರೆ ಸಂಜೆಯೊಳಗೆ ಕೇರಿಗೆಲ್ಲ ಡಂಗುರ ಸಾರಿದಂತೆಯೇ.

ಹೇಳಲೇ? ತಿಂದವಳು ತಾನು, ಮಗನಲ್ಲವಲ್ಲ. ತನ್ನ ಬಾಯಿಗೂ ಅವನ ರಕ್ತಕ್ಕೂ ಏನು ಸಂಬಂಧ? ಹಾಗೆಂದುಕೊಂಡು ಬಾಯಿ ಮುಚ್ಚಿಕೊಂಡಳು.

ನರ್ಸ್ ಹುಡುಗನ ಕಡೆ ಬಗ್ಗಿದಳು. "ನೀನೇ ಹೇಳಪ್ಪ, ಏನು ತಿಂತೀಯ?"

ಕಟೋಂಗೊ ಅಮ್ಮನ ಸೊಂಟದ ಗಂಟಿನ ಮೇಲೆ ಬೆರಳಿಟ್ಟ.

"ಸಿಹಿ," ಎಂದ.

ಮಧ್ಯಾಹ್ನ ಮಲಗಿ ಎದ್ದಾಗ ಗಂಟು ಸಡಿಲವಾಗಿರುತ್ತಿದ್ದುದು ಮ್ವೇನ್ಯಾಳಿಗೆ ನೆನಪಾಯಿತು. ನಿದ್ದೆಯಲ್ಲಿ ಹೊರಳಿದ್ದಕ್ಕೆ ಬಿಚ್ಚಿಕೊಂಡಿದೆ ಎಂದುಕೊಂಡಿದ್ದಳು. ಗಂಟು ಬಿಚ್ಚಿ ಹೆಂಟೆಗಳನ್ನು ಮೇಜಿನ ಮೇಲಿಟ್ಟಳು.

"ಕಾಲುವೆ ದಂಡೇದು. ಬಯಕೆ ಸಿಸ್ಟರ್. ಇವನು ಹೊಟ್ಟೇಲಿದ್ದಾಗ್ಲೂ ಇದನ್ನೇ ತಿಂದೆ."

ನರ್ಸ್ ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. "ತಾಯಿ ತಿಂದದ್ದು ಹೊಟ್ಟೆಯೊಳಗಿನ ಮಗೂಗೂ ಹೋಗುತ್ತೆ," ಎಂದಷ್ಟೇ ಹೇಳಿ, "ಬೆರಳು ಕೊಡಿ," ಎಂದಳು.

ಈಗ ಅತ್ತೆಯ ಬಾಯಿಗೆ ಸಿಕ್ಕಿದೆನೆಂದು ಮ್ವೇನ್ಯಾ ತಲೆ ತಗ್ಗಿಸಿದಳು. ಮುದುಕಿ ಎದ್ದು ಬಂದು ಹೆಂಟೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಆ ದಂಡೇದೇ," ಎಂದಳು. "ಸಿಹಿ ಇರುತ್ತೆ. ನಾನೂ ತಿಂದಿದ್ದೆ. ನನ್ನ ಮಗ ಗಟ್ಟಿಯಾಗೇ ಇದಾನಲ್ಲ." "ಅವನಿಗಿಂತ ಮೊದಲು ಹುಟ್ಟಿದ ಇಬ್ಬರು..." ಎಂದು ಶುರುಮಾಡಿದವಳು ಅಷ್ಟಕ್ಕೇ ಬೆರಳು ಹಿಂದಕ್ಕೆಳೆದುಕೊಂಡಳು. ಬೆಂಚಿಗೆ ಹಿಂತಿರುಗಿ ಗೋಡೆ ನೋಡುತ್ತ ಕೂತಳು.

ರಕ್ತದ ಹನಿ ಯಂತ್ರದೊಳಗೆ ಹೋಯಿತು. ಮೂರು ನಿಮಿಷ ಕಾಯಬೇಕು ಎಂದಳು ನರ್ಸ್. ಹೊಟ್ಟೆಯೊಳಗೆ ಮಗು ಒದೆಯಿತು. ಮ್ವೇನ್ಯಾ ಅಂಗೈ ಒತ್ತಿ ಹಿಡಿದು, ಅಲುಗಬೇಡ, ಏನನ್ನೂ ತೆಗೆದುಕೊಳ್ಳಬೇಡ ಎಂದು ಒಳಗೊಳಗೇ ಬೇಡಿಕೊಂಡಳು.

ನರ್ಸ್ ಹೆಂಟೆಗಳನ್ನು ಕಾಗದದಲ್ಲಿ ಸುತ್ತತೊಡಗಿದಳು. ಒಂದರ ತುದಿ ಮುರಿದು, ಮಳೆ ಬಿದ್ದ ನೆಲದ ವಾಸನೆ ಎದ್ದಿತು. ಮ್ವೇನ್ಯಾಳ ಬಾಯಲ್ಲಿ ನೀರೂರಿತು. ಆಗ ಅವಳಿಗೆ ಯಂತ್ರಕ್ಕಿಂತ ತನ್ನ ನಾಲಿಗೆಯದೇ ಭಯವಾಯಿತು. ತುಟಿ ಬಿಗಿದುಕೊಂಡಳು.

ಕಟೋಂಗೊ ತಲೆಯೆತ್ತಿ ಅವಳ ಮುಖ ನೋಡಿದ. ಬಿಚ್ಚಿದ ಚಿಟೆಂಗೆಯ ಸೆರಗನ್ನು ಎತ್ತಿ, ಊಟವಾದ ಮೇಲೆ ತನಗೆ ಅವಳು ಒರೆಸುವಂತೆಯೇ, ಮೆಲ್ಲಗೆ ಅಮ್ಮನ ಬಾಯಿ ಒರೆಸಿದ.