ಮೋರಿಗಿಂತ ಮೇಲೆ ತುಂಬಿದ ನೀರು

ನೀರು ಪರೀಕ್ಷೆಯ ಕಚೇರಿಯಲ್ಲಿ ಅವನ ಮುಖ್ಯ ಕೆಲಸ ತಿಂಗಳಿಗೊಮ್ಮೆ ತೊರೆಗೆ ಹೋಗಿ ಎರಡು ಬಾಟಲಿ ನೀರು ತುಂಬಿ ತರುವುದು. ದಂಡೆಯ ಮಕ್ಕಳು ಅವನಿಗೆ ‘ಬಾಟಲಿ ಮಾಮ’ ಎಂದೇ ಹೆಸರಿಟ್ಟಿದ್ದರು. ಒಂಬತ್ತು ವರ್ಷದಲ್ಲಿ ಮಹರಾಯ ಒಂದು ತಿಂಗಳೂ ತಪ್ಪಿಸಿದವನಲ್ಲ. ತಪ್ಪಿಸಿದ್ದು ಜಾಗವನ್ನು ಮಾತ್ರ, ಅದು ಯಾರಿಗೂ ಗೊತ್ತಿರಲಿಲ್ಲ.

ನಿಯಮದ ಪ್ರಕಾರ, ಊರ ದೊಡ್ಡ ಮೋರಿ ತೊರೆಗೆ ಸೇರುವಲ್ಲಿಂದ ಇನ್ನೂರು ಹೆಜ್ಜೆ ಕೆಳಗೆ ನೀರು ತುಂಬಬೇಕು. ಅಲ್ಲಿ ಮೊಣಕಾಲುದ್ದ ಕೆಸರು, ಮೂಗು ಮುಚ್ಚಿಕೊಳ್ಳುವಂಥ ನಾತ. ಮೋರಿಗಿಂತ ಮೇಲಕ್ಕೆ, ಕೊಳಚೆ ಇನ್ನೂ ಸೇರದ ಕಡೆ ಹೋದರೆ ಅಚ್ಚುಕಟ್ಟಾದ ಕಲ್ಲಿನ ಮೆಟ್ಟಿಲು, ಮರದ ನೆರಳು. ಮೊದಲ ವರ್ಷವೇ ಒಂದು ದಿನ, ಹೊಸ ಪ್ಯಾಂಟು ಹಾಳಾದೀತೆಂದು, ಮೆಟ್ಟಿಲ ಮೇಲೆ ಕೂತು ತುಂಬಿದ. ಯಾರೂ ಕೇಳಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ಚೀಟಿಯ ಮೇಲೆ ಮಾತ್ರ ‘ಮೋರಿಯ ಕೆಳಗೆ’ ಎಂದು ದುಂಡಗೆ ಬರೆದು ಅಂಟಿಸುತ್ತಿದ್ದ. ಲ್ಯಾಬಿನಲ್ಲಿ ಪರೀಕ್ಷೆ ಮಾಡುವಾಕೆ ಬಂದ ಅಂಕಿಗಳನ್ನು ಹಾಗೇ ವರದಿಗೆ ಇಳಿಸುತ್ತಿದ್ದಳು.

ಮೋರಿಯ ಕೆಳಗಿನ ದಂಡೆಯಲ್ಲಿ ಅವನ ಅತ್ತಿಗೆಯ ಹೂಗಿಡದ ನರ್ಸರಿಯಿತ್ತು. ಏಳು ವರ್ಷಕ್ಕೇ ತಾಯಿ ಕಳೆದುಕೊಂಡ ಇವನನ್ನು ಸ್ವಂತ ಮಗನ ಹಾಗೆ ಬೆಳೆಸಿದವಳು ಅವಳು. ಎರಡು ವರ್ಷದಿಂದ ತೊರೆಯ ನೀರು ಹಾಯಿಸಿದ ಸಸಿಗಳ ಬುಡ ಕಪ್ಪಾಗಿ ಕೊಳೆಯುತ್ತಿತ್ತು. ಅವಳು ಆ ಮಾತೆತ್ತಿದಾಗಲೆಲ್ಲ ಇವನು ಗೊಬ್ಬರದ ಮೇಲೆ ತಪ್ಪು ಹೊರಿಸಿ ಜಾರಿಕೊಳ್ಳುತ್ತಿದ್ದ.

ಈಗ ತೊರೆಯ ಆಚೆ ದಂಡೆಯಲ್ಲಿ ಆರುನೂರು ಮನೆಗಳ ಬಡಾವಣೆ ಏಳುವುದಿತ್ತು. ಅದರ ಕೊಳಚೆಯನ್ನೂ ತೊರೆಗೇ ಬಿಡಲು ಒಪ್ಪಿಗೆ ಕೊಡಬೇಕೇ ಬೇಡವೇ ಎಂದು ಕಚೇರಿಯಲ್ಲಿ ಸಭೆ ಕರೆದರು. ಅತ್ತಿಗೆ ಕೊಳೆತ ಸಸಿಯೊಂದನ್ನು ಕುಂಡದ ಸಮೇತ ಎತ್ತಿಕೊಂಡು ಬಂದಳು. ಇವನು ಹಿಂದಿನ ಸಾಲಿನಲ್ಲಿ ಕೂತ.

ಬಡಾವಣೆಯ ವಕೀಲ ಒಂಬತ್ತು ವರ್ಷದ ವರದಿಗಳನ್ನು ಓದಿದ. “ಊರ ಮೋರಿ ಸೇರಿದ ಮೇಲೂ ನೀರು ಇಷ್ಟು ಚೆನ್ನಾಗಿದೆ ಸಾರ್. ಇನ್ನೊಂದು ಮೋರಿ ಸೇರಿದ್ರೆ ಏನೂ ಆಗಲ್ಲ.”

ಅಧಿಕಾರಿ ತಲೆಯಾಡಿಸಿದರು.

ಅತ್ತಿಗೆ ಎದ್ದಳು. “ಸಾರ್, ನೀರು ಚೆನ್ನಾಗಿದ್ರೆ ಈ ಸಸಿ ಯಾಕೆ ಕೊಳೀತು? ನೀರು ತರೋನು ನನ್ನ ಮೈದುನ. ನಾನೇ ಸಾಕಿದ ಹುಡುಗ, ಅವನು ಮೋಸ ಮಾಡೋನಲ್ಲ. ತಪ್ಪಾಗ್ತಿರೋದು ಲ್ಯಾಬಲ್ಲಿ. ಆಯಮ್ಮನ್ನ ಕೇಳಿ.”

ಎಲ್ಲರೂ ಲ್ಯಾಬಿನಾಕೆಯ ಕಡೆ ತಿರುಗಿದರು. ಆಕೆಯ ಮುಖ ಬಿಳಿಚಿಕೊಂಡಿತು. “ನಾನು ಬಂದ ಬಾಟಲಿ ನೋಡ್ತೀನಿ, ಅಷ್ಟೇ...” ಎನ್ನುವಷ್ಟರಲ್ಲಿ ಯಾರೋ “ಮೊದಲು ಈಕೇನ ಕೆಲಸದಿಂದ ತೆಗೀರಿ” ಎಂದು ಕೂಗಿದರು.

ಅತ್ತಿಗೆ ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ನಂಬಿದ್ದಳಲ್ಲ, ಅದನ್ನು ತಡೆಯಲಾಗಲಿಲ್ಲ. ಎದ್ದು ನಿಂತ.

“ಅವರದ್ದೇನೂ ತಪ್ಪಿಲ್ಲ ಸಾರ್. ನಾನು ಮೋರಿಗಿಂತ ಮೇಲೆ ತುಂಬ್ತಿದ್ದೆ. ಮೊದಲಿಂದಲೂ.”

“ಯಾಕೆ?” ಎಂದರು ಅಧಿಕಾರಿ.

“ಕೆಳಗೆ ಕೆಸರಿತ್ತು.”

ಯಾರೋ ಕಿಸಕ್ಕನೆ ನಕ್ಕರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಲಂಚ ತಿಂದೆ ಎಂದು ಒಪ್ಪಿಕೊಂಡಿದ್ದರೂ ಇಷ್ಟು ಅವಮಾನವಾಗುತ್ತಿರಲಿಲ್ಲವೇನೋ; ಲಂಚಕ್ಕಾದರೂ ಒಂದು ತೂಕವಿದೆ, ಸೋಮಾರಿತನಕ್ಕೆ ಏನಿದೆ? ಅತ್ತಿಗೆ ಅವನನ್ನು ನೋಡಿದಳು, ಕೈಯಲ್ಲಿದ್ದ ಕುಂಡವನ್ನು ನೋಡಿದಳು. ಕುಂಡವನ್ನು ಕೆಳಗಿಟ್ಟು ಲ್ಯಾಬಿನಾಕೆಯ ಹತ್ತಿರ ಹೋಗಿ ಕೈಮುಗಿದಳು.

“ತಪ್ಪಾಯ್ತಮ್ಮಾ,” ಎಂದಳು.

ಅಧಿಕಾರಿ ಒಪ್ಪಿಗೆಯನ್ನು ತಡೆಹಿಡಿದು, ಈಗಲೇ ಎಲ್ಲರೆದುರು ಸರಿಯಾದ ಜಾಗದಲ್ಲಿ ನೀರು ತುಂಬಬೇಕೆಂದರು. ಇಡೀ ಸಭೆ ತೊರೆಗೆ ನಡೆಯಿತು. ಲ್ಯಾಬಿನಾಕೆ ಎರಡು ಬಾಟಲಿ ಹಿಡಿದು ದಂಡೆಯ ಅಂಚಿನಲ್ಲಿ ಅನುಮಾನಿಸುತ್ತ ನಿಂತಳು.

ಇವನು ಗುಂಪು ಸರಿಸಿಕೊಂಡು ಮುಂದೆ ಬಂದ. “ಕೊಡಿ ಮೇಡಂ, ನಾನು ಇಳೀತೀನಿ.”

ಅತ್ತಿಗೆ ಅಡ್ಡ ಬಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಬೇಡಪ್ಪ. ನೀನು ತುಂಬಿದ್ರೆ ಇನ್ನು ನಂಬೋರು ಯಾರು?”

ಬಟ್ಟೆ ಎತ್ತಿಕಟ್ಟಿ, ಅರವತ್ತು ದಾಟಿದ ಆ ಹೆಂಗಸು ಕೆಸರಿಗೆ ಇಳಿದು ಲ್ಯಾಬಿನಾಕೆಗೆ ಕೈ ಕೊಟ್ಟಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ಹೆಜ್ಜೆ ಕಿತ್ತಿಡುತ್ತ, ನೀರಿನ ಕಡೆ ಹೋದರು. ಅವನು ಒಣ ದಂಡೆಯ ಮೇಲೆ ನಿಂತು ನೋಡುತ್ತಿದ್ದ.